ಮನೆ ನೋಡೋಕೆ ಹೋದ ನೂಲಕ್ಕ

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳಿಗೆ ನೂಲಕ್ಕ ಅಂತಲೇ ಹೆಸರು. ಹೊಲಿದು ಮುಗಿಸಿದ ಶರ್ಟುಗಳೆಲ್ಲ ಕೊನೆಗೆ ಅವಳ ಮೇಜಿಗೇ ಬರಬೇಕು. ಒಂದೊಂದನ್ನೂ ಒಳಮೈ ಹೊರಗೆ ಮಾಡಿ, ಕಾಲರಿನ ತುದಿ ಎಳೆದು, ಗುಂಡಿ ತಿರುವಿ, ಎಲ್ಲಾದರೂ ಒಂದೆಳೆ ನೂಲು ನೇತಾಡುತ್ತಿದ್ದರೆ ಪುಟ್ಟ ಕತ್ತರಿಯಲ್ಲಿ ಕಚಕ್ ಅಂತ ಕತ್ತರಿಸುವುದು ಅವಳ ಕೆಲಸ. ಹೊಲಿಗೆ ಬಿಟ್ಟಿದ್ದರೆ ಶರ್ಟು ಹೊಲಿದವಳ ಮಡಿಲಿಗೇ ವಾಪಸ್ಸು. ಮೊಸರಲ್ಲಿ ಕಲ್ಲು ಹುಡುಕೋಳು ಅಂತ ಹೆಂಗಸರು ಬೈದುಕೊಂಡರೂ ಅವಳ ಕಣ್ಣನ್ನು ಮೆಚ್ಚದವರಿರಲಿಲ್ಲ. ಅಂಥ ಕಣ್ಣು ಹೋಗಿ ಹೋಗಿ ಮನೆಗಳ ಮೇಲೆ ಬಿತ್ತು ನೋಡಿ, ಅಲ್ಲಿಂದ ಶುರುವಾಯಿತು ಗ್ರಹಚಾರ.

ಅವಳ ಗಂಡ ಸ್ಕೂಲ್ ವ್ಯಾನಿನ ಡ್ರೈವರ್. ಇಬ್ಬರೂ ಇದ್ದದ್ದು ಮಹಡಿಯ ಹಿಂದುಗಡೆಯ ಒಂದೇ ಒಂದು ರೂಮಿನಲ್ಲಿ. ಒಂದು ದಿನ ಕನ್ನಡಿ ತೂಗುಹಾಕಲು ಮೊಳೆ ಹೊಡೆದದ್ದಕ್ಕೆ ಮನೆ ಮಾಲೀಕ ಮೆಟ್ಟಿಲ ಬುಡದಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿಬಿಟ್ಟ. ಆವತ್ತೇ ನೂಲಕ್ಕ ಹೇಳಿದಳು, "ಸಾಕ್ರೀ ಈ ಬಾಳು. ನಾವೂ ಒಂದು ಮನೆ ತಗೊಳ್ಳೋಣ."

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಕಟ್ಟೋದು ಹಾಳಾಗ್ಲಿ, ಕೊಳ್ಳೋದು ಹೇಗೆ ಅಂತಾದ್ರೂ ಗೊತ್ತೇನೇ ನಮಗೆ?" ಅಂದ ಡ್ರೈವರ್.

"ಗೊತ್ತಿಲ್ದಿದ್ರೆ ತಿಳ್ಕೊಂಡ್ರಾಯ್ತು. ನೋಡೋಕೇನು ದುಡ್ಡು ಕೊಡ್ಬೇಕಾ?"

ಬ್ಯಾಂಕಿನಲ್ಲಿ ಸಾಲಕ್ಕೆ ವಿಚಾರಿಸಿದರು. ಅಲ್ಲಿಯವನು ಇಬ್ಬರ ಸಂಬಳದ ಚೀಟಿಯನ್ನೂ ನೋಡಿ, ಮಡಿಕೆ ಸರಿಮಾಡಿ ವಾಪಸ್ ಕೊಟ್ಟ. "ಇನ್ನೂ ಕೆಲವು ವರ್ಷ ಬಿಟ್ಟು ಬನ್ನಿ," ಅಂದ. ಪಾಪ, ಮರ್ಯಾದಸ್ಥ. ಅಲ್ಲಿಗೆ ಮುಗಿಯಬೇಕಾಗಿದ್ದ ಕಥೆ. ಆದರೆ ಒಬ್ಬ ಮನೆ ಬ್ರೋಕರಿಗೆ ಆಗಲೇ ಫೋನ್ ನಂಬರ್ ಕೊಟ್ಟಾಗಿತ್ತು, ಅವನು ಭಾನುವಾರ ಬನ್ನಿ ಅಂದಿದ್ದ, ಇವರು ಹೋದರು. ಮುಂದಿನ ಭಾನುವಾರವೂ ಹೋದರು. ಆಮೇಲೆ ಅದೊಂದು ಚಟವಾಯಿತು.

ಇದ್ದದ್ದರಲ್ಲೇ ಒಳ್ಳೆ ಬಟ್ಟೆ ಹಾಕಿಕೊಂಡು, ಚಪ್ಪಲಿ ಒರೆಸಿಕೊಂಡು ಹೊರಡುವುದು. ನೂಲಕ್ಕ ಮನೆಯೊಳಗೆ ಕಾಲಿಟ್ಟರೆ ಮೊದಲು ಎಲ್ಲ ನಲ್ಲಿಗಳನ್ನೂ ಒಟ್ಟಿಗೇ ಬಿಡುತ್ತಿದ್ದಳು. ಕಪಾಟಿನ ಬಾಗಿಲು ತೆಗೆದು ಮೂಗು ಹಾಕಿ ಮೂಸುತ್ತಿದ್ದಳು. ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ, "ಇಲ್ಲಿ ನೀರು ಜಿನುಗ್ತಿತ್ತಾ?" ಅಂತ ನೇರವಾಗಿ ಕೇಳುತ್ತಿದ್ದಳು. ಆಮೇಲೆ ಪತ್ರಗಳ ಸರದಿ. ಈ ಮನೆ ನಿಮಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು, ಮನೆ ಮೇಲೆ ಸಾಲ ಇದೆಯಾ, ತೆರಿಗೆ ಕಟ್ಟಿದ್ದೀರಾ, ಮಾರುವಾಗ ಯಾರ್ಯಾರು ಸಹಿ ಹಾಕಬೇಕು. ಬ್ರೋಕರನೇ ಬೆವರೊರೆಸಿಕೊಳ್ಳುತ್ತಿದ್ದ. "ನೀವು ಲಾಯರ್ ಆಗ್ಬೇಕಿತ್ತಮ್ಮ," ಅಂದಿದ್ದ ಒಂದು ಸಲ. ಆ ಮಾತನ್ನು ಅವಳು ಎಷ್ಟು ದಿನ ಚಪ್ಪರಿಸಿದಳೋ!

ಪ್ರತಿ ಮನೆಯಲ್ಲೂ ಒಂದಲ್ಲ ಒಂದು ಐಬು ಸಿಕ್ಕೇ ಸಿಗುತ್ತಿತ್ತು. ಅದನ್ನು ಹೇಳಿ, ತಲೆ ಅಲ್ಲಾಡಿಸಿ, ಗಂಡನನ್ನು ಹೊರಡಿಸಿಕೊಂಡು ಬರುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮಾತು ತನಗೇ ಹೊಂದುತ್ತೆ ಅಂತ ಅವಳಿಗೆ ಗೊತ್ತಿರಲಿಲ್ಲ ಅನ್ನಬೇಡಿ, ಚೆನ್ನಾಗಿ ಗೊತ್ತಿತ್ತು. ಆದರೆ ಯಾರ ಗಂಟೇನು ಹೋಯಿತು? ಫ್ಯಾಕ್ಟರಿಯಲ್ಲಂತೂ ಮನೆ ಕೊಳ್ಳುವ ಮಾತು ಬಂದರೆ ನೂಲಕ್ಕನನ್ನು ಕೇಳು ಅನ್ನುವಂತಾಗಿತ್ತು. ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದುಕೊಂಡು ಅವಳ ಸುತ್ತ ಕೂರುತ್ತಿದ್ದರು. ಅವಳೂ ಕಾಲು ಮಡಚಿ ಕೂತು ಮೂಲಪತ್ರ ಅಂದರೇನು, ಮುಂಗಡ ಕೊಡುವ ಮೊದಲು ಕರಾರು ಯಾಕೆ ಬೇಕು ಅಂತ ಪಾಠ ಮಾಡುತ್ತಿದ್ದಳು.

ಹೀಗಿರುವಾಗ ನರ್ಸಮ್ಮನ ಮನೆ ಬಂತು.

ಚಪ್ಪಲಿ ಅಂಗಡಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಸಣ್ಣ ಮನೆ. ನರ್ಸಮ್ಮ ಒಂಟಿ ಹೆಂಗಸು, ಇಷ್ಟು ವರ್ಷದ ಸಂಬಳವನ್ನೆಲ್ಲ ಆ ಮನೆಗೇ ಹಾಕಿದ್ದಳು. ಈಗ ಬೇರೆ ಊರಿನ ಆಸ್ಪತ್ರೆಗೆ ವರ್ಗ ಕೇಳಿ ಪಡೆದಿದ್ದಳು, ಯಾಕೆಂದರೆ ಅಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು. ಅಕ್ಕ ಇದ್ದದ್ದು ಮೂರನೇ ಮಹಡಿಯಲ್ಲಿ. ಕೆಳಗಿಳಿದು ಒಂದು ವರ್ಷದ ಮೇಲಾಗಿತ್ತು. ಈ ಮನೆ ಮಾರಿದ ದುಡ್ಡಲ್ಲಿ ಅಲ್ಲಿ ನೆಲಮಟ್ಟದ ಒಂದು ಮನೆ ಕೊಂಡು, ಅಕ್ಕನ ಗಾಲಿಕುರ್ಚಿಯನ್ನು ಬಾಗಿಲಾಚೆ ತಳ್ಳಿಕೊಂಡು ಹೋಗಿ ಬಿಸಿಲಿಗೆ ಕೂರಿಸಬೇಕು. ನರ್ಸಮ್ಮನ ಆಸೆ ಇಷ್ಟೇ. ತಿಂಗಳ ಕೊನೆಗೆ ಹೊರಡಲೇಬೇಕಿತ್ತು.

ನೂಲಕ್ಕ ನಲ್ಲಿ ಬಿಟ್ಟಳು, ಗೋಡೆ ತಟ್ಟಿದಳು, ಕಪಾಟು ಮೂಸಿದಳು. ಏನೂ ಸಿಗಲಿಲ್ಲ. ಕಿಟಕಿಯ ಬಿಜಾಗರಿಗೆ ಎಣ್ಣೆ ಹಾಕಿತ್ತು. ಬಚ್ಚಲಿನ ಮೂಲೆಯೂ ಒಣಗಿತ್ತು. ಮೊದಲ ಸಲ ಅವಳಿಗೆ ಹೇಳಲು ಐಬೇ ಇಲ್ಲದಂತಾಯಿತು.

ನರ್ಸಮ್ಮ ಚಹಾ ಕೊಟ್ಟಳು. "ಬಣ್ಣದಂಗಡಿಯವರೊಬ್ರು ಕೇಳಿದ್ದಾರೆ. ಡಬ್ಬ ಇಡೋಕೆ ಗೋಡೌನ್ ಮಾಡ್ತಾರಂತೆ. ನಾಳೆ ಹೇಳ್ತೀನಿ ಅಂದಿದ್ದೀನಿ," ಅಂದಳು.

"ಗೋಡೌನಾ? ಅಯ್ಯೋ, ಬೇಡಿ ಸಿಸ್ಟರ್! ಅವರಿಗೆ ಕೊಡ್ಬೇಡಿ. ನಾವೇ ತಗೋತೀವಿ."

ಡ್ರೈವರ್ ಬಾಯಿಗೆ ಕೊಂಡೊಯ್ದ ಲೋಟ ಅಲ್ಲೇ ನಿಂತಿತು. ನರ್ಸಮ್ಮ ಮಾತ್ರ ಎದ್ದು ಬಂದು ನೂಲಕ್ಕನ ಕೈ ಹಿಡಿದುಕೊಂಡಳು. "ಬಂದವರೆಲ್ಲ ಉದ್ದ ಅಗಲ ನೋಡಿದ್ರು. ನಾನು ಹೇಗೆ ಇಟ್ಕೊಂಡಿದ್ದೀನಿ ಅಂತ ನೋಡಿದ್ದು ನೀವೊಬ್ರೇ. ನೀವು ಮಾತು ಕೊಟ್ರಲ್ಲ, ಸಾಕು. ಮುಂಗಡ ನಿಧಾನಕ್ಕೆ ಕೊಡಿ."

ಓಣಿ ದಾಟಿದ್ದೇ ಡ್ರೈವರ್ ಅವಳನ್ನು ತಡೆದು ನಿಲ್ಲಿಸಿದ. "ಏನೇ ಅಂದೆ ನೀನು?" ಅಂದ.

"ಬಾಯಿಗೆ ಬಂದ್ಬಿಡ್ತು."

"ನಾಳೆ ಬೆಳಿಗ್ಗೆನೇ ಹೋಗಿ ನಮ್ಮ ಕೈಲಾಗಲ್ಲ ಅಂತ ಹೇಳು."

"ಹೂಂ, ಹೇಳ್ತೀನಿ."

ಹೇಳಿದಳೇ? ಎಲ್ಲಿಂದ ಹೇಳುತ್ತಾಳೆ! ಆ ಕೈ ಹಿಡಿದ ಬಿಸಿ ಇನ್ನೂ ಇವಳ ಕೈಯಲ್ಲಿತ್ತು. ನಮ್ಮ ಹತ್ತಿರ ದುಡ್ಡಿಲ್ಲ ಅನ್ನುವ ಮೂರು ಶಬ್ದವನ್ನು ನಾಳೆ ನಾಳೆ ಅಂತ ಮುಂದೂಡಿದಳು. ಅದರ ಬದಲು ಅವಳಿಗೊಂದು ಉಪಾಯ ಹೊಳೆಯಿತು. ಮನೆಯಲ್ಲಿ ಐಬು ಸಿಗದಿದ್ದರೇನು, ಪತ್ರದಲ್ಲಿ ಸಿಗಬಾರದೇ? ಆಗ ಮರ್ಯಾದೆಯಾಗಿ ಹಿಂದೆ ಸರಿಯಬಹುದು.

ಫೋನ್ ಮಾಡಿ ಮೂಲಪತ್ರ ಕೇಳಿದಳು. ಸರಿಯಾಗಿತ್ತು. ಮನೆ ಮೇಲೆ ಸಾಲವಿಲ್ಲ ಅಂತ ಬ್ಯಾಂಕಿನಿಂದ ಬರೆಸಿ ತನ್ನಿ ಅಂದಳು. ನರ್ಸಮ್ಮ ಬರೆಸಿ ತಂದಳು. ಹಳೆಯ ತೆರಿಗೆ ರಸೀದಿ ಬೇಕು ಅಂದಳು, ಅದೂ ಬಂತು. ನಿಮಗೆ ಮಾರಿದವರ ಮಕ್ಕಳು ತಕರಾರಿಲ್ಲ ಅಂತ ಬರೆದುಕೊಟ್ಟಿದ್ದಾರಾ ಅಂದಳು. ಆ ಹೆಂಗಸು ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಲ್ಲೇ ಕಚೇರಿಗಳ ಮುಂದೆ ಸಾಲು ನಿಂತು ಒಂದೊಂದನ್ನೇ ತಂದುಕೊಟ್ಟಳು. ಮೇಲಿಂದ, "ನೀವು ಕೇಳಿದ್ದು ಒಳ್ಳೇದಾಯ್ತಮ್ಮ, ನನಗೂ ಇದೆಲ್ಲ ತಿಳಿದಿರ್ಲಿಲ್ಲ," ಅನ್ನುತ್ತಿದ್ದಳು. ನೂಲಕ್ಕ ಒಂದೊಂದು ಕಾಗದವನ್ನೂ ಬೆಳಕಿಗೆ ಹಿಡಿದು, ದೇವರೇ ಎಲ್ಲಾದರೂ ಒಂದು ಸಾಲ, ಒಂದು ವ್ಯಾಜ್ಯ ಇರಲಪ್ಪ ಅಂತ ಬೇಡಿಕೊಳ್ಳುತ್ತಿದ್ದಳು. ಥೂ! ಒಬ್ಬ ನಿಯತ್ತಿನ ಹೆಂಗಸಿಗೆ ಕೇಡು ಬಯಸುವಷ್ಟು ಕೀಳಾದೆನಲ್ಲ ಅಂತ ಅವಳಿಗೇ ಅನ್ನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ. ಮೇಜಿನ ಮೇಲೆ ಶರ್ಟು ಹರಡಿಕೊಂಡು ಸುಮ್ಮನೆ ನಿಂತುಬಿಡುತ್ತಿದ್ದಳು. ನೂಲು ನೇತಾಡುವ ಶರ್ಟುಗಳನ್ನು ಹಾಗೇ ದಾಟಿಸಿ ಸೂಪರ್‌ವೈಸರ್ ಬಾಯಿಗೂ ಬಿದ್ದಳು. ಫೋನ್ ರಿಂಗಾದರೆ ಮೊದಲು ಯಾರದ್ದು ಅಂತ ನೋಡುತ್ತಿದ್ದಳು. ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟಳು.

ಒಂದು ಸಂಜೆ ಕೆಲಸ ಬಿಟ್ಟು ಎಲ್ಲರೂ ಹೊರಗೆ ಬರುವಾಗ, ಫ್ಯಾಕ್ಟರಿ ಗೇಟಿನ ಪಕ್ಕದಲ್ಲಿ ನರ್ಸಮ್ಮ ನಿಂತಿದ್ದಳು. ಬಿಳಿ ಸಮವಸ್ತ್ರದ ಮೇಲೆ ಒಂದು ಹಳೇ ಸ್ವೆಟರು. ಓಡಿಹೋಗಲು ಜಾಗವಿರಲಿಲ್ಲ, ಹಿಂದೆ ಹೆಂಗಸರ ನೂಕುನುಗ್ಗಲು.

"ಕೋಪ ಮಾಡ್ಕೋಬೇಡಿಮ್ಮ, ಇಲ್ಲಿವರೆಗೂ ಬಂದ್ಬಿಟ್ಟೆ," ಅಂದಳು ನರ್ಸಮ್ಮ. "ನನಗೇ ಬುದ್ಧಿ ಇಲ್ಲ. ರೇಟು ಜಾಸ್ತಿ ಆಗಿರಬೇಕು, ನೀವು ಸಂಕೋಚಕ್ಕೆ ಹೇಳ್ತಿಲ್ಲ. ನಾನು ಸ್ವಲ್ಪ ಇಳಿಸ್ತೀನಿ." ಇಳಿಸಿ ಹೇಳಿದಳು. ನೂಲಕ್ಕ ನೆಲ ನೋಡಿದಳು. "ಇನ್ನೂ ಆಗಲ್ವಾ? ಹೋಗ್ಲಿ ಬಿಡಿ, ಇನ್ನೊಂಚೂರು." ಮತ್ತೆ ಇಳಿಸಿದಳು. ಅವಳು ಇಳಿಸಿದ ಹಾಗೆಲ್ಲ ಇವಳಿಗೆ ಮೈಮೇಲಿನ ಬಟ್ಟೆ ಒಂದೊಂದೇ ಕಳಚಿದ ಹಾಗಾಗುತ್ತಿತ್ತು. "ನೀವೇ ಬಾಯ್ಬಿಟ್ಟು ಹೇಳಿಮ್ಮ. ಎಷ್ಟಾದ್ರೆ ಆಗುತ್ತೆ ನಿಮಗೆ?"

"ಎಷ್ಟಾದ್ರೂ ಆಗಲ್ಲ ಸಿಸ್ಟರ್."

"ಅಂದ್ರೆ?"

"ನಮ್ಮ ಹತ್ರ ದುಡ್ಡಿಲ್ಲ. ಯಾವತ್ತೂ ಇರ್ಲಿಲ್ಲ. ಬ್ಯಾಂಕಿನೋರೂ ಕೊಡಲ್ಲ ಅಂದಿದ್ರು. ನಾವು ಸುಮ್ನೆ ನೋಡೋಕೆ ಬರ್ತಿದ್ವಿ."

ಸುತ್ತ ನಡೆಯುತ್ತಿದ್ದವರು ನಿಂತರು. ದಿನಾ ಡಬ್ಬಿ ಹಿಡಿದು ಅವಳೆದುರು ಕೂರುತ್ತಿದ್ದವರೇ ಎಲ್ಲ.

ನರ್ಸಮ್ಮನಿಗೆ ಇನ್ನೂ ಅರ್ಥವಾಗಲಿಲ್ಲ. "ಮತ್ತೆ ಆ ಪತ್ರಗಳು? ಅಷ್ಟೆಲ್ಲ ಕೇಳಿದ್ರಲ್ಲ?"

"ಏನಾದ್ರೂ ತಪ್ಪು ಸಿಕ್ಕಿದ್ರೆ ಅದನ್ನ ಹೇಳಿ ಬಿಡ್ಬಹುದು ಅಂತ..."

ಭೂಮಿ ಬಾಯಿ ಬಿಡಬಾರದೇ ಅಂತ ಕಾದಳು ನೂಲಕ್ಕ. ಭೂಮಿ ಅಂಥ ಉಪಕಾರ ಯಾರಿಗೂ ಮಾಡುವುದಿಲ್ಲ. ನರ್ಸಮ್ಮ ಕೂಗಾಡಲಿಲ್ಲ. ಸ್ವೆಟರಿನ ಅಂಚನ್ನು ಎಳೆದು ಎಳೆದು ಸರಿಮಾಡಿಕೊಂಡಳು. "ದುಡ್ಡಿಲ್ಲ ಅಂತ ಆಸ್ಪತ್ರೇಲಿ ನನಗೆ ದಿನಾ ಜನ ಹೇಳ್ತಾರಮ್ಮ. ಅದೊಂದು ಮಾತು ಹೇಳೋಕೆ ನಿಮಗೆ ಇಷ್ಟು ದಿನ ಬೇಕಾಯ್ತಾ?" ಅಂದಳು. ಆಮೇಲೆ, "ನಾಳೆ ನನ್ನ ಜೊತೆ ಬಣ್ಣದಂಗಡಿಗೆ ಬರಬೇಕು. ಬೇರೆಯವರಿಗೆ ಮಾತು ಕೊಟ್ಟಿದ್ದೀನಿ ಅಂದಾಗ ಅವನು ನಂಬಲಿಲ್ಲ, ರೇಟು ಏರಿಸೋಕೆ ಸುಳ್ಳು ಹೇಳ್ತೀನಿ ಅಂದ್ಕೊಂಡ. ಈಗ ಅವರು ಬಿಟ್ಟುಹೋದ್ರು ಅಂದ್ರೆ ಮನೇಲೇ ಐಬಿದೆ ಅಂತಾನೆ. ನೀವೇ ಬಂದು ಹೇಳಿ," ಅಂದಳು.

ಮಾರನೆಯ ದಿನ ನೂಲಕ್ಕ ಅರ್ಧ ದಿನ ರಜೆ ಹಾಕಿ ಹೋದಳು. ಅಂಗಡಿಯವನು ಡಬ್ಬದಲ್ಲಿ ಕೋಲಿಟ್ಟು ಬಣ್ಣ ಕಲಸುತ್ತಿದ್ದ. ಗಿರಾಕಿಗಳ ಎದುರಿಗೇ ಅವಳು ಎಲ್ಲವನ್ನೂ ಹೇಳಿದಳು. ಮನೆಯಲ್ಲಿ ಒಂದು ಐಬೂ ಇಲ್ಲ, ಪತ್ರಗಳು ಚೊಕ್ಕವಾಗಿವೆ, ಐಬಿದ್ದದ್ದು ನಮ್ಮಲ್ಲೇ ಅಂದಳು. ಅವನು ಕಲಸುವುದನ್ನು ನಿಲ್ಲಿಸಿ ನಕ್ಕ.

"ಸುಮ್ನೆ ನೋಡೋಕಾ? ಟಿಕೆಟ್ ಇಲ್ಲದ ಸಿನಿಮಾ ಅನ್ನಿ!" ಗಿರಾಕಿಗಳೂ ನಕ್ಕರು. ಆಮೇಲೆ ಅವನು ನರ್ಸಮ್ಮನ ಕಡೆ ತಿರುಗಿ ಒಂದು ರೇಟು ಹೇಳಿದ. ಗೇಟಿನ ಹತ್ತಿರ ಅವಳು ಕೊನೆಗೆ ಇಳಿಸಿದ್ದಕ್ಕಿಂತಲೂ ಕಡಿಮೆ. "ತಿಂಗಳು ಮುಗೀತಾ ಬಂತು. ಅವಸರ ನಿಮ್ಮದು, ನನ್ನದಲ್ಲ," ಅಂದ.

ನರ್ಸಮ್ಮ ಕಣ್ಣು ಮುಚ್ಚಿ, "ಆಗ್ಲಿ," ಅಂದಳು.

ಹೊರಗೆ ಬಂದ ಮೇಲೆ ನೂಲಕ್ಕ ಕೇಳಬಾರದಿತ್ತು, ಕೇಳಿದಳು. "ಅಷ್ಟಕ್ಕೆ ಅಲ್ಲಿ ಕೆಳಗಿನ ಮನೆ ಸಿಗುತ್ತಾ ಸಿಸ್ಟರ್?"

"ಸಿಗಲ್ಲ. ಮೊದಲನೇ ಮಹಡಿದು ಸಿಗಬಹುದು," ಅಂದು ಅವಳು ಬಸ್ ಸ್ಟಾಪಿನ ಕಡೆ ನಡೆದುಹೋದಳು.

ಆ ವಾರವೆಲ್ಲ ನೂಲಕ್ಕನ ಕಣ್ಣ ಮುಂದೆ ಮೆಟ್ಟಿಲೇ ಮೆಟ್ಟಿಲು. ಫ್ಯಾಕ್ಟರಿಯಲ್ಲಿ ಅವಳ ಸುತ್ತ ಯಾರೂ ಕೂರಲಿಲ್ಲ. ಅವಳೂ ಗೋಡೆ ಕಡೆ ಮುಖ ಮಾಡಿ ತಿಂದು ಎದ್ದುಬಿಡುತ್ತಿದ್ದಳು. ಡ್ರೈವರ್ ಬೈಯಲಿಲ್ಲ. "ಲೋಟ ಕೆಳಗಿಟ್ಟು ನಾನೇ ಹೇಳ್ಬೇಕಿತ್ತು ಆವತ್ತು," ಅಂದ ಒಮ್ಮೆ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ನರ್ಸಮ್ಮನ ಫೋನ್ ಬಂತು. "ನಾಳೆ ರಿಜಿಸ್ಟ್ರೇಷನ್. ಸಾಕ್ಷಿ ಹಾಕೋಕೆ ನನ್ನ ಕಡೆಯಿಂದ ಇಬ್ಬರು ಬೇಕಂತೆ. ನನ್ನ ಜೊತೆ ಕೆಲಸ ಮಾಡೋರೆಲ್ಲ ಡ್ಯೂಟಿಲಿರ್ತಾರೆ. ನೀವಿಬ್ರೂ ಬರ್ತೀರಾ?" ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಬರಲ್ಲ ಅನ್ನುವ ಮುಖ ಇವರಿಗೆಲ್ಲಿತ್ತು?

ಮನೆ ಕೊಳ್ಳುವುದರಲ್ಲಿ ನೂಲಕ್ಕನಿಗೆ ಗೊತ್ತಿಲ್ಲದ್ದು ಅದೊಂದೇ ಹಂತ. ನೋಂದಣಿ ಕಚೇರಿಯೊಳಗೆ ಅವಳು ಎಂದೂ ಕಾಲಿಟ್ಟಿರಲಿಲ್ಲ. ಉದ್ದನೆಯ ಬೆಂಚು, ಗೋಡೆಗೆ ಒರೆಸಿದ ಹೆಬ್ಬೆಟ್ಟಿನ ಮಸಿ, ಧಪ್ ಧಪ್ ಅಂತ ಬೀಳುವ ಮೊಹರು. ಕೆಲವರು ನಗುನಗುತ್ತಾ ಹೊರಬರುತ್ತಿದ್ದರು. ಒಬ್ಬಳು ಅಳುತ್ತಿದ್ದಳು, ಖುಷಿಗೇ ಇರಬೇಕು. ಹೆಸರು ಕರೆದಾಗ ನರ್ಸಮ್ಮನ ಹಿಂದೆ ಗಂಡ ಹೆಂಡತಿ ಇಬ್ಬರೂ ಒಳಗೆ ಹೋದರು. ಬಣ್ಣದಂಗಡಿಯವನು ಸಹಿ ಹಾಕಿದ. ನರ್ಸಮ್ಮ ಪುಟ ಪುಟಕ್ಕೂ ಸಹಿ ಹಾಕುತ್ತಾ ಹೋದಳು.

"ಸಾಕ್ಷಿ ಯಾರು?" ಅಂದ ಗುಮಾಸ್ತ.

ನೂಲಕ್ಕ ಮುಂದೆ ಬಂದಳು.

"ನೀವು ಯಾರ ಕಡೆಯವರಮ್ಮಾ? ಕೊಳ್ಳೋರ ಕಡೆನಾ, ಮಾರೋರ ಕಡೆನಾ?"

ಅವಳು ನರ್ಸಮ್ಮನ ಕಡೆ ನೋಡಿದಳು. ಬಣ್ಣದಂಗಡಿಯವನು ಮೀಸೆಯಡಿಯಲ್ಲಿ ನಗುತ್ತಿದ್ದ. ಗುಮಾಸ್ತ ಪೆನ್ನು ಮೇಜಿಗೆ ಕುಟ್ಟುತ್ತಾ ಕಾದ.

"ನನ್ನ ಕಡೆಯವರು," ಅಂದಳು ನರ್ಸಮ್ಮ. ಕಾಗದದಿಂದ ತಲೆ ಎತ್ತಲಿಲ್ಲ.

ಅಲ್ಲ ಸ್ವಾಮಿ, ನಾನು ಇವರ ಕಡೆಯವಳಲ್ಲ, ಇವರಿಗೆ ಕೇಡು ಮಾಡಿದವಳು ಅಂತ ಕೂಗಿಬಿಡಬೇಕು ಅನ್ನಿಸಿತು ನೂಲಕ್ಕನಿಗೆ. ಕೂಗಿದರೆ ಈ ಮಾರಾಟವೂ ನಿಂತುಹೋಗುತ್ತಿತ್ತು. ಪೆನ್ನು ತೆಗೆದುಕೊಂಡು, ಗುಮಾಸ್ತ ಬೆರಳಿಟ್ಟು ತೋರಿಸಿದ ಜಾಗದಲ್ಲಿ ತನ್ನ ಹೆಸರು ಬರೆದಳು.