ನೋಡ್ ಏಳು

ದೀಪಾವಳಿ ರಜೆಗೆ ಮೊಮ್ಮಕ್ಕಳು ನೀವಿಬ್ಬರೂ ಚಿತ್ತಾಪುರದಿಂದ ಬಂದಿದ್ದಾಗ ಒಂದು ದಿನ ನಾನು ಏಳುವುದು ತಡವಾಯಿತು. ಸಣ್ಣವಳು ಬಂದು ಭುಜ ಅಲುಗಿಸಿ, “ಆಯಿ, ನೋಡ್, ಏಳು. ಬಿಸಲು ಬಂದದ” ಎಂದಳು. ನಾನು ಎದ್ದು ಕುಳಿತು ಅಳತೊಡಗಿದೆ. ದೊಡ್ಡವಳು ಓಡಿಬಂದು, “ಏ, ಆಯಿಗಿ ಏನ್ ಮಾಡ್ದಿ?” ಎಂದು ತಂಗಿಯನ್ನು ಗದರಿದಳು. ಅವಳು ಏನೂ ಮಾಡಿರಲಿಲ್ಲ. ನಾನು ಕಣ್ಣಲ್ಲಿ ಕಸ ಬಿದ್ದಿದೆ ಎಂದು ಸುಳ್ಳು ಹೇಳಿ ಬಚ್ಚಲಿಗೆ ಹೋದೆ.

ಅವತ್ತು ಯಾಕೆ ಅತ್ತೆನೆಂದು ಎದುರು ಕುಳಿತು ಹೇಳುವುದು ನನ್ನಿಂದ ಆಗದು. ಚಿಕ್ಕಂದಿನಿಂದಲೂ ನನಗೆ ನಾಲ್ಕು ಜನರ ಮುಂದೆ ದನಿ ಏಳುವುದಿಲ್ಲ. ಕುರಕುಂಟಾದ ಶಾಲೆಯಲ್ಲಿ ಪದ್ಯ ಹೇಳು ಎಂದರೆ ಗೋಡೆಯ ಕಡೆ ಮುಖ ಮಾಡಿ ಹೇಳುತ್ತಿದ್ದೆ. ಬರೆಯುವುದಕ್ಕೆ ಅಷ್ಟು ಭಯವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾ, ನನ್ನ ಗಂಡ, ಸೇಡಂನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆಯ ಮೆಕ್ಯಾನಿಕ್ ಆಗಿದ್ದರು. ಹಿಂದೊಂದು ವರ್ಷ ಅಲ್ಲಿನ ಒಬ್ಬ ಮೇಡಮ್, ಮಳೆಗಾಲದಲ್ಲಿ ಕಾಗಿಣಾ ನದಿ ಮಳಖೇಡದ ಸೇತುವೆಯ ಮೇಲೆ ಯಾವಾಗ ಏರುತ್ತದೆ ಎಂಬುದನ್ನು ಕಂಪ್ಯೂಟರಿನಿಂದ ಮೊದಲೇ ತಿಳಿಯಬೇಕು ಎಂದು ಹೊರಟಿದ್ದರು. ಒಂದು ಕಂಪ್ಯೂಟರಿಗೆ ಆ ಲೆಕ್ಕ ಆಗದು. ಹಳೆಯ ಹತ್ತು ಕಂಪ್ಯೂಟರುಗಳನ್ನು ತಂತಿಯಿಂದ ಒಂದಕ್ಕೊಂದು ಕಟ್ಟಿ ಒಂದೇ ಕೆಲಸಕ್ಕೆ ಹಚ್ಚಿದ್ದರು. ಅದಕ್ಕೆ ಕ್ಲಸ್ಟರ್ ಎನ್ನುತ್ತಾರೆ.

“ಒಂದು ಲೆಕ್ಕಕ್ಕ ಹತ್ತು ಮಷೀನು ಯಾಕ್ರಿ?” ಎಂದು ನಾನು ಕೇಳಿದ್ದೆ.

“ತೊಗರಿ ಹೊಲಕ್ಕ ಕಳಿ ತೆಗೀಲಿಕ್ಕ ನೀ ಒಬ್ಬಾಕಿನೇ ಹೋಗ್ತಿದ್ದೇನು?”

“ಇಲ್ರಿ. ಒಬ್ಬರ ಹೊಲಕ್ಕ ಒಬ್ಬರು, ಮುಯ್ಯಾಳು ಹತ್ತು ಮಂದಿ ಹೋಗ್ತಿದ್ವಿ.”

“ಇವೂ ಮುಯ್ಯಾಳೇ. ಹತ್ತೂ ಒಂದೇ ಸಾಲು ಹಿಡದು ಹೋಗ್ತಾವ.”

ಆದರೆ ಲೆಕ್ಕ ಪ್ರತಿ ಸಲವೂ ಅರ್ಧಕ್ಕೆ ನಿಲ್ಲುತ್ತಿತ್ತು. ಹತ್ತರಲ್ಲಿ ಯಾವುದೋ ಒಂದು, ಕಳೆ ತೆಗೆಯುವ ಖುರ್ಪಿ ಕೆಳಗಿಟ್ಟವಳ ಹಾಗೆ, ಕೂರುತ್ತಿತ್ತು, ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಅದನ್ನು ಹಿಡಿಯಲು ಮೇಡಮ್ ಒಂದು ಪ್ರೋಗ್ರಾಮ್ ತಂದುಕೊಟ್ಟರು. ಪ್ರತಿ ಕಂಪ್ಯೂಟರಿನೊಳಗೂ ಅದನ್ನು ಇಳಿಸಿದರೆ ಡಾಕ್ಟರ ಹಾಗೆ ಒಂದೊಂದನ್ನೂ ಪರೀಕ್ಷಿಸಿ ರೋಗ ಎಲ್ಲಿದೆ ಎಂದು ಹೇಳುತ್ತದಂತೆ. ಕಾಲೇಜಿಗೆ ಬೇಸಿಗೆ ರಜೆ ಇತ್ತು, ಜವಾನ ಊರಿಗೆ ಹೋಗಿದ್ದ. ಮುತ್ಯಾ ನನ್ನನ್ನು ಕರೆದರು.

“ನಡಿ, ಎಸಿಯಾಗ ಕುಂದ್ರಸ್ತೀನಿ. ಸೇಡಂದಾಗ ಯಾವ ಗೌಡತಿಗೂ ಇಂಥಾ ತಂಪು ಸಿಗಂಗಿಲ್ಲ.”

“ನನಗ ಏನ್ ತಿಳಿತದ್ರಿ ಅಲ್ಲಿ?”

“ಹಸರ ಯಾವುದು, ಕೆಂಪು ಯಾವುದು ತಿಳಿತದಿಲ್ಲ? ಸಾಕು.”

ಕಂಪ್ಯೂಟರುಗಳು ಎರಡನೆಯ ಅಂತಸ್ತಿನ ಒಳಕೋಣೆಯಲ್ಲಿದ್ದವು. ಅವರು ಕುಳಿತು ಟೈಪ್ ಮಾಡುವುದು ಹೊರಕೋಣೆಯಲ್ಲಿ. ನಡುವಿನ ಗೋಡೆಯಲ್ಲಿ ತಂತಿ ಹಾಯಲು ಒಂದು ಕಿಂಡಿ. ಅವರು ಕಿಂಡಿಯಿಂದ ನಂಬರು ಕೂಗಬೇಕು, ನಾನು ಆ ಕಂಪ್ಯೂಟರಿನ ದೀಪ ನೋಡಿ ಬಣ್ಣ ಹೇಳಬೇಕು.

ಮೊದಲ ದಿನ ಸ್ಟೂಲಿನ ಮೇಲೆ ಸೆರಗು ಹೊದ್ದು ಕುಳಿತಿದ್ದೆ. ಕಿಂಡಿಯಿಂದ ದನಿ ಬಂತು: “ನೋಡ್ ಏಳು.”

ನಾನು ಎದ್ದು ನಿಂತೆ. ಸುತ್ತ ನೋಡಿದೆ. ಹಾವು ಹೊಕ್ಕಿದೆಯೇನೋ ಎಂದು ಸ್ಟೂಲಿನ ಕೆಳಗೂ ನೋಡಿದೆ.

“ನೋಡ್ ಏಳು, ಏನದ?”

“ಎದ್ದೀನ್ರಿ. ಏನೂ ಇಲ್ಲಲ್ಲ?”

ಆಮೇಲೆ ಹೊರಕೋಣೆಯಲ್ಲಿ ಮೇಡಮ್ ನಗುವುದು ಕೇಳಿಸಿತು, ಅವರ ಹಿಂದೆ ಇವರದು. ಹೀಗೆ ಕಟ್ಟಿದ ಪ್ರತಿ ಕಂಪ್ಯೂಟರನ್ನೂ ಇಂಗ್ಲಿಷಿನಲ್ಲಿ ನೋಡ್ ಎನ್ನುತ್ತಾರಂತೆ. ಅವರು ಕೇಳಿದ್ದು ಏಳನೆಯ ನಂಬರಿನ ಕಂಪ್ಯೂಟರನ್ನು. ನನಗೆ ಕೇಳಿಸಿದ್ದು, ನೋಡು, ಎದ್ದೇಳು ಎಂದು. ನಾಚಿಕೆಯಿಂದ ಅವತ್ತು ಮೇಡಮ್ ಹೋಗುವವರೆಗೂ ಒಳಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಮರುದಿನದಿಂದ ಅವರು ನನ್ನನ್ನು ಎಬ್ಬಿಸುವುದೇ ಹಾಗಾಯಿತು. ಹಾಸಿಗೆಯ ಬಳಿ ನಿಂತು, “ನೋಡ್ ಏಳು” ಎನ್ನುವರು. ನಾನು ಮೊದಲು ಎದ್ದ ದಿನ ಅವರನ್ನು ಎಬ್ಬಿಸುವಾಗ, “ನೋಡ್ರಿ, ಏಳ್ರಿ” ಎನ್ನುತ್ತಿದ್ದೆ.

“ರಿ ಹಚ್ಚಿದ್ರ ಮಷೀನಿಗಿ ತಿಳಿಯಂಗಿಲ್ಲ. ಸರಿಯಾಗಿ ಅನ್ನು.”

“ಥೂ, ಗಂಡಗ ಏಳು ಅಂತಾರೇನ್ರಿ?”

“ಒಂದು ಸಲ ಅನ್ನು. ಯಾರ ಕೇಳ್ತಾರಿಲ್ಲಿ?”

ನನ್ನ ಬಾಯಿಂದ ಬರಲಿಲ್ಲ. ಮದುವೆಯಾದಾಗಿನಿಂದ ಅವರಿಗೆ ಏಕವಚನ ಅಂದವಳಲ್ಲ.

ಆ ದಿನಗಳಲ್ಲೇ ಅವರು ಮೆಟ್ಟಿಲ ತಿರುವಿನಲ್ಲಿ ನಿಲ್ಲತೊಡಗಿದ್ದರು. ಅಲ್ಲೊಂದು ಕಿಟಕಿ ಇದೆ. ನಾನು ಬುತ್ತಿ ಹಿಡಿದು ಹಿಂದೆ ಬರುತ್ತಿದ್ದೆ. ಯಾಕೆ ನಿಂತಿರಿ ಎಂದರೆ, “ಕಾಗಿಣಾ ಕಾಣ್ತದೇನು ನೋಡ್ಲಿಕತ್ತೀನಿ” ಎನ್ನುವರು. ಅಲ್ಲಿಂದ ಕಾಗಿಣಾ ಕಾಣುವುದಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಾಣುತ್ತದೆ, ಅಷ್ಟೇ. ಅವರ ಬಲಗೈ ಅಂಗಿಯೊಳಗೆ ಎದೆಯ ಮೇಲಿರುತ್ತಿತ್ತು.

ಕಂಪ್ಯೂಟರುಗಳ ಭಾರದ ಬ್ಯಾಟರಿಗಳನ್ನು ಮೇಲಕ್ಕೆ ಹೊತ್ತ ದಿನ ಅವರ ಬೆವರು ನಿಲ್ಲಲಿಲ್ಲ. ನಾನೇ ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರ್ ಇವರನ್ನು ಮಲಗಿಸಿ, ಎದೆಗೆ ತಂತಿ ಹಚ್ಚಿ, ಪಟ್ಟಿ ತೆಗೆದು ನೋಡಿದರು. ಪಟ್ಟಿ ಚೆನ್ನಾಗಿಯೇ ಇತ್ತು.

“ಮೆಟ್ಟಲು ಹತ್ತುವಾಗ ಎದಿ ಹಿಡಿತದೇನು?” ಎಂದು ಡಾಕ್ಟರ್ ಕೇಳಿದರು.

“ಇಲ್ರಿ” ಎಂದರು ಇವರು.

ಡಾಕ್ಟರ್ ನನ್ನ ಕಡೆ ತಿರುಗಿದರು. “ಖರೇ ಏನಮ್ಮ? ಹಿಡಿತಿದ್ರ ಹೇಳ್ರಿ, ಕಲಬುರಗಿಗಿ ಕಳಸ್ತೀನಿ. ಅಲ್ಲಿ ಮಷೀನಿನ ಮ್ಯಾಲ ನಡಸಿ ನೋಡ್ತಾರ.”

ಹೊರಗೆ ಸಾಲಿನಲ್ಲಿದ್ದವರು ಬಾಗಿಲಿನಿಂದ ನೋಡುತ್ತಿದ್ದರು. ಗಂಡ ಇಲ್ಲ ಎಂದ ಮೇಲೆ ಹೌದು ಎನ್ನುವುದು ಹೇಗೆ? ನಾನು ನೆಲದ ಶಹಾಬಾದ್ ಕಲ್ಲು ನೋಡುತ್ತಾ ಇವರ ಮಾತು ಖರೇ ಎಂಬಂತೆ ತಲೆ ಅಲ್ಲಾಡಿಸಿದೆ. ಡಾಕ್ಟರ್ ಗ್ಯಾಸಿನ ಗುಳಿಗೆ ಬರೆದುಕೊಟ್ಟರು.

ಮಕ್ಕಳೇ, ನಾನು ಬರೆಯಬೇಕೆಂದು ಕುಳಿತದ್ದು ಈ ಮಾತನ್ನೇ. ಇಷ್ಟು ವರ್ಷ ಯಾರಿಗೂ, ನಿಮ್ಮ ಅವ್ವನಿಗೂ, ಹೇಳಿಲ್ಲ.

ಪ್ರೋಗ್ರಾಮನ್ನು ಮೊದಲು ಯಜಮಾನ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ತಂತಿಯ ಮೇಲೆ ಉಳಿದ ಒಂಬತ್ತಕ್ಕೆ ಕಳಿಸಿದರು. ನಾಲ್ಕನೆಯದು ಮಾತ್ರ ಒಲ್ಲೆ ಎಂದಿತು. ಅದರೊಳಗಿನ ಗಡಿಯಾರದ ಸೆಲ್ಲು ಸತ್ತು, ಅದು ಯಾವುದೋ ಹಳೆಯ ವರ್ಷದಲ್ಲೇ ಕುಳಿತಿತ್ತು. ಹೊಸ ಸೆಲ್ಲು ಹಾಕಿ ತಾರೀಖು ಸರಿಮಾಡಿದ ಮೇಲೆ ಒಪ್ಪಿಕೊಂಡಿತು. ಆಮೇಲೆ ಪರೀಕ್ಷೆ ನಡೆಸಿದರು. ಅವರು ಒಂದರಿಂದ ಹತ್ತರವರೆಗೆ ಕೂಗಿದರು, ನಾನು ಹತ್ತು ಸಲವೂ ಹಸರ ಎಂದೆ. ಎಲ್ಲವೂ ಪಾಸು. ಆದರೂ ಮೇಡಮ್ಮರ ಲೆಕ್ಕ ಮತ್ತೆ ಅರ್ಧಕ್ಕೇ ನಿಂತಿತು. ಇವರು ತಲೆಗೆ ಕೈ ಹೊತ್ತು ಕುಳಿತರು.

ಬುತ್ತಿ ಬಿಚ್ಚುವಾಗ ನಾನು ಸುಮ್ಮನೆ ಒಂದು ಮಾತು ಅಂದೆ. “ಬದುವಿನ ಮ್ಯಾಲ ಕುಂತಾಗ ಕೇಳಿದ್ರ ಯಾವ ಹೆಂಗಸೂ ನನಗ ಆಗವಲ್ದು ಅನ್ನಂಗಿಲ್ರಿ. ನಡುಬಿಸಲಾಗ ಸಾಲು ಹಿಡಸಬೇಕು. ಆವಾಗ ಬೀಳಾಕಿ ಬೀಳ್ತಾಳ.”

ಅವರ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. “ನಿನಗ ಇದು ಯಾರ ಕಲಿಸಿದ್ರು? ಈ ಪ್ರೋಗ್ರಾಮಿನಾಗೂ ಭಾರ ಹೊರಿಸೋ ಪರೀಕ್ಷಾ ಒಂದದ. ಎರಡು ದಿನ ಹಿಡಿತದಂತ ನಾನೇ ಬಿಟ್ಟಿದ್ದೆ.”

ಊಟ ಅರ್ಧಕ್ಕೆ ಬಿಟ್ಟು ಎದ್ದರು. ಹತ್ತಕ್ಕೂ ಒಟ್ಟಿಗೆ ಭಾರ ಹೊರಿಸಿದರು. ಒಳಕೋಣೆ ಜೇನುಗೂಡಿನ ಹಾಗೆ ಗುಂಯ್‌ಗುಡತೊಡಗಿತು. ಸಂಜೆಯ ಹೊತ್ತಿಗೆ ನನ್ನ ಕಣ್ಣೆದುರೇ ಏಳನೆಯದರ ದೀಪ ಕೆಂಪಾಯಿತು. ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿಗೆ ನಮ್ಮ ಊರಿನ ಬಿಳಿ ಧೂಳು ಮೆತ್ತಿ ಅದು ತಿರುಗುತ್ತಲೇ ಇರಲಿಲ್ಲ. ಸುಮ್ಮನಿದ್ದಾಗ ಏನೂ ಗೊತ್ತಾಗದು. ಕೆಲಸ ಹೆಚ್ಚಾದಾಗ ಕಾದು ನಿಂತುಬಿಡುತ್ತದೆ.

“ಕೇಳಿದಾಗೆಲ್ಲ ಆರಾಮ ಇದ್ದೀನಿ ಅಂತಿತ್ತಲ್ಲ, ಕಳ್ಳ” ಎಂದು ಅದರ ಬೆನ್ನು ತಟ್ಟಿದರು.

ನನಗೆ ನಗು ಬರಲಿಲ್ಲ. ಮನೆಗೆ ಬಂದು, ಅಂಗಳದಲ್ಲಿ ಅವರು ಕಾಲು ತೊಳೆಯುವಾಗ ಹೇಳಿಬಿಟ್ಟೆ. “ಡಾಕ್ಟರ್ ಮುಂದ ನಾ ಸುಳ್ಳಿಗಿ ತಲಿ ಹಾಕ್ದೆರಿ. ನಿಮ್ಮ ಎದಿ ಹಿಡಿತದ. ನಾ ದಿನಾ ನೋಡ್ತೀನಿ.”

“ನನಗೂ ಫ್ಯಾನ್ ಬದಲಿ ಮಾಡಸ್ತಿ ಏನು?”

“ನಗಬ್ಯಾಡ್ರಿ. ನಾಳೆ ಕಲಬುರಗಿಗಿ ಹೋಗಾಮು.”

ಅವರು ತಂಬಿಗೆ ಕೆಳಗಿಟ್ಟು ನನ್ನ ಮುಖ ನೋಡಿದರು. “ನಾಳೆ ಶುಕ್ರವಾರ, ವಾಡಿಗಿ ಹೋಗಿ ಫ್ಯಾನ್ ತರ್ತೀನಿ. ಶನಿವಾರ ಮತ್ತ ಭಾರ ಹೊರಸ್ತೀನಿ, ಸೋಮವಾರ ಮುಂಜಾನಿ ಮುಗಿತದ. ಅವತ್ತೇ ಕಲಬುರಗಿ. ನಿನ್ನಾಣಿ.”

ನಾನು ಆಗಲಿ ಎಂದೆ. ಮೂರು ದಿನ ತಾನೇ ಎಂದುಕೊಂಡೆ. ಭಾರದ ಮಾತು ಎತ್ತಿದವಳೂ ನಾನೇ.

ಶುಕ್ರವಾರ ರೈಲಿನಲ್ಲಿ ವಾಡಿಗೆ ಹೋಗಿ, ರೈಲ್ವೆ ಕ್ವಾರ್ಟರ್ಸ್ ಬಳಿಯ ರಿಪೇರಿ ಅಂಗಡಿಯಿಂದ ಫ್ಯಾನ್ ತಂದರು. ಬರುವಾಗ ಚಿತ್ತಾಪುರ ನಿಲ್ದಾಣಕ್ಕೆ ನಿಮ್ಮ ಅವ್ವನನ್ನು ಫೋನು ಮಾಡಿ ಕರೆಸಿದ್ದರು. ರೈಲು ನಿಂತ ಎರಡು ನಿಮಿಷ ಬಾಗಿಲಲ್ಲೇ ಮಾತಾಡಿದರಂತೆ. ದೊಡ್ಡವಳೇ, ನಿನಗಾಗ ಎರಡು ವರ್ಷ. ಅವ್ವನ ಕಂಕುಳಲ್ಲಿದ್ದ ನೀನು ಅವರ ಕನ್ನಡಕ ಕಿತ್ತುಕೊಂಡೆಯಂತೆ. “ರೈಲು ಬಿಡೋ ತನಕಾ ಕೊಡಲಿಲ್ಲ, ನಿನ್ನ ಮೊಮ್ಮಗಳು” ಎಂದು ಮನೆಗೆ ಬಂದು ನಗುತ್ತಾ ಹೇಳಿದರು. ಸಣ್ಣವಳು ಇನ್ನೂ ಹುಟ್ಟಿರಲಿಲ್ಲ.

ಶನಿವಾರ ಫ್ಯಾನ್ ಕೂಡಿಸಿ ಭಾರದ ಪರೀಕ್ಷೆ ಹಚ್ಚಿದರು. ಭಾನುವಾರ ಬೆಳಿಗ್ಗೆ ನೋಡಿ ಬರೋಣ ಎಂದು ಇಬ್ಬರೇ ಹೋದೆವು. ತಿರುವಿನ ಕಿಟಕಿಯ ಬಳಿ ಅವರು ಬಹಳ ಹೊತ್ತು ನಿಂತರು. “ಮನಿಗಿ ಹೋಗಾಮು ನಡ್ರಿ” ಎಂದೆ. “ನಂಬರು ನೋಡಿ ಹೋಗಾಮು” ಎಂದರು.

ನಾನು ಒಳಗೆ ಸ್ಟೂಲಿನ ಮೇಲೆ ಕುಳಿತೆ. ಹೊರಗೆ ಅವರ ಕುರ್ಚಿ ಎಳೆದ ಸದ್ದಾಯಿತು.

“ನೋಡ್ ಒಂದು.”

“ಹಸರ ಅದರಿ.”

ಎರಡು ಕೂಗಿದರು, ಮೂರು ಕೂಗಿದರು. ದನಿ ಸಣ್ಣದಿತ್ತು. ಎಸಿಯ ಸದ್ದಿಗೆ ಹಾಗೆ ಕೇಳುತ್ತದೆ ಎಂದುಕೊಂಡೆ. ಆರು ಎಂದರು. “ಹಸರ ಅದರಿ” ಎಂದೆ.

ಏಳು ಎನ್ನಲಿಲ್ಲ.

ನಾನು ಕಾಯ್ದೆ. ಏಳು ನಮ್ಮ ನಗೆಯ ನಂಬರಲ್ಲವೇ. ಬೇಕೆಂದೇ ಸುಮ್ಮನಿದ್ದಾರೆ, ನನ್ನ ಬಾಯಿಂದ ಹೊರಡಿಸಬೇಕು ಎಂದು ಆಟ ಹೂಡಿದ್ದಾರೆ ಎಂದುಕೊಂಡೆ. ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಕುಳಿತಿದ್ದೆ. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಇಡೀ ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ. ಅದೇ ಧೈರ್ಯದ ಮೇಲೆ ಕಿಂಡಿಗೆ ಬಾಯಿ ಹಚ್ಚಿ, ಬದುಕಿನಲ್ಲಿ ಮೊದಲ ಸಲ, ರಿ ಇಲ್ಲದೆ ಅಂದೆ.

“ನೋಡ್, ಏಳು.”

ನಗು ಕೇಳಿಸಲಿಲ್ಲ. ಹೊರಗೆ ಬಂದೆ. ಅವರು ಮೇಜಿನ ಮೇಲೆ ತಲೆಯಿಟ್ಟಿದ್ದರು. ಕನ್ನಡಕ ಒಂದು ಕಿವಿಯಿಂದ ಜಾರಿತ್ತು. ಭುಜ ಹಿಡಿದು ಅದೇ ಮಾತು ಎಷ್ಟೋ ಸಲ ಅಂದೆ. ಆಮೇಲೆ ರಿ ಹಚ್ಚಿಯೂ ಅಂದೆ. ವಾಚ್‌ಮನ್ ಗೇಟಿನಿಂದ ಓಡಿಬಂದು ನನ್ನ ಕೈ ಬಿಡಿಸಿದಾಗಲೂ ಏಳ್ರಿ ಏಳ್ರಿ ಎನ್ನುತ್ತಲೇ ಇದ್ದೆನಂತೆ.

ಸೋಮವಾರ ಮಣ್ಣು ಮಾಡಿದೆವು. ಕಲಬುರಗಿಗೆ ಹೋಗಬೇಕಾಗಿದ್ದ ದಿನ.

ಪರೀಕ್ಷೆಯನ್ನು ಯಾರೂ ನಿಲ್ಲಿಸಿರಲಿಲ್ಲ, ಅದು ಅಷ್ಟಕ್ಕೇ ನಡೆದು ಮುಗಿದಿತ್ತು. ದಿನಗಳು ಕಳೆದ ಮೇಲೆ ಮೇಡಮ್ ಮನೆಗೆ ಬಂದರು. ಹತ್ತೂ ಪಾಸಾಗಿವೆ, ಲೆಕ್ಕ ಶುರು ಮಾಡಬೇಕು, ಯಾವ ದೀಪ ಯಾವುದರದು ಎಂದು ನಿಮಗೇ ಗೊತ್ತು, ಬರ್ತೀರಾ ಎಂದು ಬಹಳ ಅಳುಕುತ್ತಾ ಕೇಳಿದರು. ಆ ಮೆಟ್ಟಿಲು ಹತ್ತಲಾರೆ ಅಂದುಕೊಂಡೆ. ಆದರೂ ಹೋದೆ. ತಿರುವಿನ ಕಿಟಕಿಯ ಬಳಿ ನಿಂತು ಅವರು ನೋಡುತ್ತಿದ್ದ ಕಡೆ ನೋಡಿದೆ.

ಇನ್ನು ಮುಂದೆ ನಿಮ್ಮವರಲ್ಲಿ ಯಾರಿಗಾದರೂ ನೋವಿದ್ದು, ಅವರೇ ಇಲ್ಲ ಅಂದರೂ, ಡಾಕ್ಟರ ಮುಂದೆ ಬಾಯಿಬಿಟ್ಟು ಹೌದು ಅನ್ನಿರಿ. ಜನ ಬಾಗಿಲಲ್ಲಿ ನಿಂತು ನೋಡಲಿ.

ಅವತ್ತು ಒಳಕೋಣೆಯಲ್ಲಿ ಸ್ಟೂಲು ಅಲ್ಲೇ ಇತ್ತು. ಹೊರಗಿನಿಂದ ಮೇಡಮ್ ಒಂದೊಂದೇ ಕೂಗಿದರು. ಆರು ಮುಗಿಯಿತು. ಅವರಿಗೂ ನೆನಪಾಗಿರಬೇಕು, ತಡೆದರು. ಆಮೇಲೆ ಮೆಲ್ಲಗೆ, “ಅಮ್ಮ, ನೋಡ್ ಏಳು?” ಎಂದರು.

ದೀಪ ಹಸಿರಾಗಿತ್ತು. ಒಳಗೆ ವಾಡಿಯಿಂದ ತಂದ ಫ್ಯಾನ್ ತಿರುಗುವ ಸದ್ದು ಬರುತ್ತಿತ್ತು. ತಲೆ ಅಲ್ಲಾಡಿಸಿದರೆ ಗೋಡೆಯ ಆಚೆಗೆ ಕಾಣುವುದಿಲ್ಲ, ದನಿ ತೆಗೆಯಲೇಬೇಕು.

“ಎದ್ದದ್ರಿ” ಎಂದೆ.