ದೊಡ್ಡಮ್ಮನಿಗೆ ಸಿಕ್ಕ ಒಂದೇ ದಿನ

ಬಹರೈನಿನಲ್ಲಿ ನಾನು ಮಾಡುತ್ತಿದ್ದ ಕೆಲಸಕ್ಕೆ ಶಟ್‌ಡೌನ್ ಪ್ಲಾನರ್ ಎಂದು ಹೆಸರು. ಅಸ್ಕರ್ ಕಡೆಯ ಕಾರ್ಖಾನೆಯಲ್ಲಿ ಒಂದು ಯಂತ್ರವನ್ನು ರಿಪೇರಿಗೆ ನಿಲ್ಲಿಸಿದರೆ ಯಾರು, ಎಷ್ಟು ಗಂಟೆಗೆ, ಯಾವ ಬೋಲ್ಟು ಬಿಚ್ಚಬೇಕು ಎಂದು ಮೊದಲೇ ಬರೆದಿಡುವುದು ನನ್ನ ಪಾಲಿಗೆ ಬಂದಿತ್ತು. ಈ ಚಟ ಮನೆಗೂ ಅಂಟಿಕೊಂಡಿತ್ತು. ಹಲ್ಲುಜ್ಜುವುದಕ್ಕೂ ಚಾರ್ಟು ಹಾಕುವ ಗಿರಾಕಿ ಎಂದು ಹೆಂಡತಿ ನನ್ನನ್ನು ಬಂದವರ ಎದುರಿಗೇ ಆಡಿಕೊಳ್ಳುತ್ತಿದ್ದಳು.

ಹಾಗಾಗಿ ದೊಡ್ಡಮ್ಮ ಒಂದು ದಿನದ ಮಟ್ಟಿಗೆ ಬರುತ್ತಾರೆಂದು ಗೊತ್ತಾದಾಗ ನಾನು ಚಾರ್ಟು ಹಾಕದೆ ಬಿಟ್ಟೇನೇ? ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋದವರು ಮೂರು ತಿಂಗಳ ಬಳಿಕ ಊರಿಗೆ ಮರಳುತ್ತಿದ್ದರು. ವಿಮಾನ ಬಹರೈನ್ ಮೇಲೆ ಬರುವುದರಿಂದ ಬೆಳಗ್ಗೆ ಇಳಿದು ಸಂಜೆ ಮುಂಬಯಿಗೆ ಹತ್ತುವ ಟಿಕೇಟು. ನಡುವೆ ಸಿಗುವುದು ಹನ್ನೆರಡು ಗಂಟೆ.

ಈ ಹನ್ನೆರಡು ಗಂಟೆಗಳ ಮೇಲೆ ನಮ್ಮ ಸಂಸಾರದ ದೊಡ್ಡದೊಂದು ವಿಷಯ ನಿಂತಿತ್ತು. ನಮ್ಮ ಮಗಳಿಗೆ ಆಗ ಆರು ತುಂಬಿತ್ತು. "ಅಲ್ಲಿ ಅವಳಿಗೆ ನಮ್ಮ ನಡೆನುಡಿ ಎಂತ ತಿಳಿದೀತು? ಜೂನ್‌ಗೆ ಇಲ್ಲಿಗೆ ಕಳಿಸು. ಉಡುಪಿಯ ಶಾಲೆಗೆ ನಾನು ಸೇರಿಸುತ್ತೇನೆ" ಎಂದು ಅಮ್ಮ ಪತ್ರದ ಮೇಲೆ ಪತ್ರ ಬರೆಯುತ್ತಿದ್ದರು. ನಾವಿದ್ದ ಹೂರಾ ಬಡಾವಣೆಯಲ್ಲಿ, ನಮ್ಮ ಕಟ್ಟಡದಲ್ಲೇ ಮಕ್ಕಳನ್ನು ಹಾಗೆ ಕಳಿಸಿದ ಎರಡು ಮನೆಗಳಿದ್ದವು. ಹೆಂಡತಿ ಪತ್ರ ಓದಿದ ದಿನವೆಲ್ಲ ಮಾತು ಬಿಡುತ್ತಿದ್ದಳು. ಅಮ್ಮನಿಗೆ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ, ಹೂಂ ಎನ್ನಲು ಮನಸ್ಸೂ ಇರಲಿಲ್ಲ. ಕೊನೆಗೆ ಅಮ್ಮನೇ ಬರೆದರು: "ಅಕ್ಕ ಹೇಗೂ ಅಲ್ಲಿ ಇಳಿಯುತ್ತಾಳೆ. ಅವಳು ನೋಡಿ ಹೇಳಲಿ. ಅವಳು ಹೇಳಿದ ಹಾಗೆ ಆಗಲಿ." ದೊಡ್ಡಮ್ಮನ ಮಾತಿಗೆ ನಮ್ಮ ಮನೆತನದಲ್ಲಿ ಮೇಲ್ಮನವಿ ಇಲ್ಲ.

ಮೂರು ವಾರ ಕೂತು ನಾನು ಚಾರ್ಟು ತಯಾರಿಸಿದೆ. ಎಂಟಕ್ಕೆ ಕಾಫಿ, ತಿಂಡಿ. ಒಂಬತ್ತೂವರೆಗೆ ಹಳೆ ಪೇಟೆಯಾದ ಸೂಕಿನ ಕೃಷ್ಣನ ಗುಡಿ, ಅಲ್ಲಿ ಮಗಳ ಬಾಯಿಂದ ಶ್ಲೋಕ. ಹನ್ನೆರಡೂವರೆಗೆ ಮನೆಯಲ್ಲಿ ಊಟ. ಮೂರಕ್ಕೆ ಮರುಭೂಮಿಯ ಒಂಟಿ ಮರ. ರಂಜಾನ್ ತಿಂಗಳಾದ್ದರಿಂದ ಹಗಲು ಹೊರಗೆಲ್ಲೂ ತಿನ್ನುವಂತಿಲ್ಲ ಎಂಬುದನ್ನೂ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆ. ಶುಕ್ರವಾರ, ಎಲ್ಲರಿಗೂ ರಜೆ. ಇನ್ನೇನು ಬೇಕು?

ಬೆಳಗ್ಗೆ ಮುಹರ್ರಕ್ ವಿಮಾನ ನಿಲ್ದಾಣದಲ್ಲಿ ಸಪೂರದ ದೊಡ್ಡಮ್ಮ ಹೊರಬಂದರು. ಒಂಬತ್ತು ಗಜದ ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಲಂಡನ್ನಿನ ಮಗಳು ಕೊಡಿಸಿದ ಸ್ಪೋರ್ಟ್ಸ್ ಶೂ. ನಮ್ಮ ಮಗಳು ಹೇಳಿಕೊಟ್ಟಂತೆ ಕಾಲಿಗೆ ಬಿದ್ದವಳು, ಎದ್ದ ತಕ್ಷಣ "ನೈಸ್ ಶೂಸ್, ದೊಡ್ಡಜ್ಜಿ" ಎಂದಳು. ದೊಡ್ಡಮ್ಮ ಬಗ್ಗಿ ತಮ್ಮ ಶೂ ನೋಡಿಕೊಂಡರು. ನಾನು ಮನಸ್ಸಿನಲ್ಲೇ ಒಂದು ಅಂಕ ಕಳೆದೆ.

ಮನೆಗೆ ಬಂದು ಅವರು ಸ್ನಾನ ಮುಗಿಸಿದ್ದೇ ಹೆಂಡತಿ ಕಾಫಿ ತಂದಳು. ನೊರೆ ಕಾಫಿ, ಎಂಟಕ್ಕೆ ಸರಿಯಾಗಿ.

"ಬೇಡ ಮಾರಾಯ್ತಿ. ಇವತ್ತು ಏಕಾದಶಿ ಅಲ್ವಾ?" ಎಂದರು ದೊಡ್ಡಮ್ಮ.

ಹೆಂಡತಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಗೋಡೆಯ ಮೇಲಿದ್ದದ್ದು ಕೆಳಗಿನ ಕಿರಾಣಿ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು. ಅದರಲ್ಲಿ ತಿಥಿಯೂ ಇಲ್ಲ, ವಾರವೂ ಅರಬ್ಬಿಯಲ್ಲಿ. ಊರಿಂದ ತಂದ ಪಂಚಾಂಗ ಹೋದ ವರ್ಷದ್ದು, ಅದರ ಮೇಲೆ ಟೆಲಿಫೋನು ಕೂತಿತ್ತು. ಅಡುಗೆಮನೆಯಲ್ಲಿ ಹೆಂಡತಿ ಮೂರು ಗಂಟೆಗೆ ಎದ್ದು ಮಾಡಿದ ಪತ್ರೊಡೆ, ಊರಿಂದ ಬಂದ ಯಾರದೋ ಪೆಟ್ಟಿಗೆಯಲ್ಲಿ ಹಾರಿ ಬಂದ ಮಟ್ಟುಗುಳ್ಳ ಬದನೆಯ ಹುಳಿ, ಹೆಸರುಬೇಳೆ ಪಾಯಸ. ದೊಡ್ಡಮ್ಮನ ಏಕಾದಶಿ ಎಂದರೆ ಹಣ್ಣು ಹಾಲಿನ ಏಕಾದಶಿಯಲ್ಲ, ನೀರೂ ಮುಟ್ಟದ ಏಕಾದಶಿ. ಅಮ್ಮನ ದೂರು ಇದ್ದದ್ದೇ ನಮ್ಮ ಮನೆಯಲ್ಲಿ ನಡೆನುಡಿ ಇಲ್ಲ ಎಂದು. ಅದಕ್ಕೆ ಬಾಳೆ ಎಲೆ ಹಾಕಿ ಬಡಿಸಿದಷ್ಟು ಸಾಕ್ಷಿ ನಾವೇ ಒದಗಿಸಿದ್ದೆವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸೋಲೊಪ್ಪುವ ಜಾತಿಯವನಲ್ಲ ನಾನು. "ದೊಡ್ಡಮ್ಮ, ನೀವು ಲಂಡನ್ನಿಂದ ಹಾರಿ ಬಂದದ್ದು. ಗಂಟೆಯೆಲ್ಲ ಆಚೀಚೆ ಆಗಿರ್ತದೆ. ಏಕಾದಶಿ ನಾಳೆ ಇರ್ಲಿಕ್ಕೂ ಸಾಕು" ಎಂದು ವಾದ ಹೂಡಿದೆ.

ದೊಡ್ಡಮ್ಮ ನನ್ನ ಕಡೆ ತಿರುಗಲೂ ಇಲ್ಲ. ಮಗಳನ್ನು ಕೇಳಿದರು, "ಪುಟ್ಟಿ, ಇಲ್ಲಿಯವರ ಉಪವಾಸ ಶುರುವಾಗಿ ಎಷ್ಟು ದಿನ ಆಯ್ತು?"

"ಟುಡೇ ಟೆಂತ್," ಎಂದಳು ಮಗಳು ಥಟ್ಟನೆ. ಶಾಲೆಯಲ್ಲಿ ಗೆಳತಿಯರು ದಿನಾ ಎಣಿಸುತ್ತಿದ್ದರು.

"ನೋಡು. ಚಂದ್ರ ಕಂಡ ಮೇಲೆ ಬಿದಿಗೆಗೆ ಒಂದನೆಯದು. ಹಾಗಾದ್ರೆ ಹತ್ತನೆಯದು ಏಕಾದಶಿಯೇ. ನಿನ್ನ ಮಗಳಿಗೆ ಗೊತ್ತುಂಟು, ನಿನಗೇ ಗೊತ್ತಿಲ್ಲ."

ಮಗಳಿಗೆ ಇದು ಭಾರೀ ಖುಷಿಯ ಸಮಾಚಾರವಾಯಿತು. "ದೊಡ್ಡಜ್ಜಿ, ಯು ಆರ್ ಆಲ್ಸೋ ಫಾಸ್ಟಿಂಗ್?" ಎಂದು ಕಣ್ಣರಳಿಸಿ ಅವರ ಪಕ್ಕಕ್ಕೆ ಒತ್ತಿ ಕೂತಳು.

ಗುಡಿಯಲ್ಲಿ ಶ್ಲೋಕದ ಕಥೆ ಕೇಳಬೇಡಿ. ಮೂರು ವಾರದಿಂದ ಗಿಳಿಪಾಠ ಮಾಡಿಸಿದ್ದೆ. ದೇವರ ಎದುರು ಕೈಮುಗಿದು ಎರಡು ಸಾಲು ಚೆನ್ನಾಗಿಯೇ ಹೇಳಿದಳು. ಮೂರನೆಯದು ನೆನಪಾಗಲಿಲ್ಲ. "ಆಂಡ್ ಸೋ ಆನ್" ಎಂದು ಹೇಳಿ ನಮಸ್ಕಾರ ಮಾಡಿದಳು. ಪಕ್ಕದಲ್ಲಿದ್ದ ಗುಜರಾತಿ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದೊಡ್ಡಮ್ಮ ಮಾತ್ರ ಗಂಭೀರವಾಗಿ ತೀರ್ಥವನ್ನು ಕಣ್ಣಿಗೊತ್ತಿಕೊಂಡರು.

ಊಟದ ಹೊತ್ತಿಗೆ ನಿಜವಾದ ಫಜೀತಿ. ದೊಡ್ಡಮ್ಮ ಉಣ್ಣದಿದ್ದರೇನು, ಮಗು ಉಣ್ಣಬೇಕಲ್ಲ. ಹೆಂಡತಿ ಬಡಿಸಿದಳು. ಮಗಳು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ದೊಡ್ಡಜ್ಜಿ ಉಣ್ಣುವಾಗ ನಾನು."

"ಅವರು ಉಣ್ಣುವುದು ನಾಳೆ ಬೆಳಗ್ಗೆ. ಸುಮ್ಮನೆ ಉಣ್ಣು" ಎಂದೆ.

"ನೋ. ಉಪವಾಸ ಇರುವವರ ಎದುರು ತಿನ್ಬಾರ್ದು. ಇಟ್ ಈಸ್ ರೂಡ್."

ಅಷ್ಟರಲ್ಲಿ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಚಾರ್ಟು ಅರ್ಧ ಗಂಟೆ ಹಿಂದೆ ಬಿದ್ದಿತ್ತು. ನನಗೆ ರೇಗಿತು. "ನಾಟಕ ಸಾಕು! ಉಣ್ತೀಯೋ ಇಲ್ವೋ?" ಎಂದು ಮೇಜು ಗುದ್ದಿದೆ. ಮಗಳು ತುತ್ತಿಗೆ ಬಾಯಿ ತೆರೆಯಲಿಲ್ಲ. ನೀರು ಮಾತ್ರ ಕುಡಿದು ಎದ್ದು ಹೋಗಿ ದೊಡ್ಡಮ್ಮನ ತೊಡೆಯ ಮೇಲೆ ತಲೆಯಿಟ್ಟಳು. ಹೆಂಡತಿ ಪಾತ್ರೆಗಳನ್ನೆಲ್ಲ ಫ್ರಿಜ್ಜಿಗೆ ತುಂಬಿದಳು. ಹಾಗೆ, ಒಬ್ಬರ ಏಕಾದಶಿ ನಾಲ್ವರದ್ದಾಯಿತು. ಪತ್ರೊಡೆಯ ವಾಸನೆ ಮನೆಯೆಲ್ಲ ತುಂಬಿತ್ತು, ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಮಗಳನ್ನು ಉಡುಪಿಗೆ ಕಳಿಸುವ ಪೆಟ್ಟಿಗೆ ಯಾವುದೆಂದು ನಾನು ಆಗಲೇ ಯೋಚಿಸತೊಡಗಿದ್ದೆ. ಅಷ್ಟು ಹೆದರಿದ್ದೆ.

ಮರ ನೋಡಲು ಹೊರಟದ್ದು ಮೂರೂವರೆಗೆ. ದಾರಿಯುದ್ದಕ್ಕೂ ಮರಳು, ತೈಲದ ಕೊಳವೆ, ಮತ್ತೆ ಮರಳು. ನೀರೇ ಕಾಣದ ಕಡೆ ನೂರಾರು ವರ್ಷದಿಂದ ಒಂಟಿಯಾಗಿ ನಿಂತ ಆ ಮರದ ಮಹಿಮೆಯನ್ನು ನಾನು ಸ್ಟಿಯರಿಂಗ್ ಹಿಡಿದೇ ವರ್ಣಿಸಿದೆ. ದೊಡ್ಡಮ್ಮ ಇಳಿದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಒಂದು ಮರ ನೋಡ್ಲಿಕ್ಕೆ ಪೆಟ್ರೋಲ್ ಸುಟ್ಟು ಇಷ್ಟು ದೂರ ಬಂದದ್ದಾ ನೀವು?"

ಹೆಂಡತಿ ಬೆಳಗಿನಿಂದ ಮೊದಲ ಬಾರಿ ನಕ್ಕಳು. ನಕ್ಕದ್ದು ಎಷ್ಟೆಂದರೆ ಕಾರಿಗೆ ಒರಗಿ ನಿಲ್ಲಬೇಕಾಯಿತು. ಮೂವರೂ ಹೆಂಗಸರು ಒಂದಾಗಿ ನನ್ನನ್ನು ಗೇಲಿ ಮಾಡುತ್ತ ಮರಕ್ಕೆ ಒಂದು ಸುತ್ತು ಬಂದರು. ನಾನು ವಾಚು ನೋಡಿಕೊಂಡು ಹಾರ್ನ್ ಹೊಡೆದೆ.

ಮರಳುವಾಗ ಅಸ್ಕರ್ ಹಳ್ಳಿಯ ಹತ್ತಿರ ಹೊತ್ತು ಮುಳುಗಿತು. ಮಸೀದಿಯಿಂದ ಬಾಂಗ್ ಕೇಳಿಸಿತು. ರಸ್ತೆ ಬದಿಯಲ್ಲಿ ಒಬ್ಬ ಮುದುಕರು ತಟ್ಟೆ ಹಿಡಿದು ನಿಂತು, ಬರುವ ಕಾರುಗಳನ್ನೆಲ್ಲ ಕೈ ಮಾಡಿ ನಿಲ್ಲಿಸುತ್ತಿದ್ದರು. ಉಪವಾಸ ಬಿಡುವ ಹೊತ್ತಿಗೆ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಖರ್ಜೂರ ಹಂಚುವುದು ಅಲ್ಲಿಯ ಕ್ರಮ. ನನ್ನ ಕಿಟಕಿಗೆ ಬಾಗಿ "ತಫದ್ದಲ್, ತಫದ್ದಲ್" ಎಂದು ಒಂದು ಪೊಟ್ಟಣ ಒಳಗೆ ಚಾಚಿದರು. ಬೇಡ ಎಂದರೆ ಅವಮಾನ. ತೆಗೆದುಕೊಂಡು ಹಿಂದಕ್ಕೆ ಕೊಟ್ಟೆ.

ಮಗಳು ಒಂದು ಖರ್ಜೂರ ಎತ್ತಿ ದೊಡ್ಡಮ್ಮನಿಗೆ ಹಿಡಿದಳು. "ಈಗ ತಿನ್ಬಹುದು, ದೊಡ್ಡಜ್ಜಿ. ಬಾಂಗ್ ಆಯ್ತು."

"ನನ್ನದು ನಾಳೆ ಬೆಳಗ್ಗೆವರೆಗೆ ಪುಟ್ಟಿ. ನೀನು ತಿನ್ನು."

"ಹಾಗಾದ್ರೆ ನಂದೂ ನಾಳೆ." ಅವಳ ದನಿ ಸೋತಿತ್ತು. ಖರ್ಜೂರದ ಮೇಲಿಂದ ಕಣ್ಣು ಕೀಳಲಾಗದಿದ್ದರೂ ಕೈ ಹಿಂದೆ ಸರಿಯಲಿಲ್ಲ.

ಕನ್ನಡಿಯಲ್ಲಿ ನಾನು ದೊಡ್ಡಮ್ಮನ ಮುಖ ನೋಡುತ್ತಿದ್ದೆ. ಆ ಹೆಂಗಸು ಜ್ವರ ಬಂದಾಗಲೂ, ದೊಡ್ಡಪ್ಪ ತೀರಿಹೋದ ವರ್ಷವೂ ಏಕಾದಶಿ ಬಿಟ್ಟವರಲ್ಲ. ಬೇರೆಯವರ ಮನೆಯ ನೀರಿಗೂ ಹತ್ತು ಸಲ ಯೋಚಿಸುವವರು.

"ಇದು ತೊಳೆದದ್ದಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹೆಂಡತಿ "ಹೌದು ದೊಡ್ಡಮ್ಮ" ಎಂದು ಹಸಿ ಸುಳ್ಳು ಹೇಳಿದಳು. "ಹಣ್ಣೇ ಅಲ್ವಾ," ಎಂದು ತಮಗೇ ಹೇಳಿಕೊಂಡು ದೊಡ್ಡಮ್ಮ ಖರ್ಜೂರವನ್ನು ಬೆರಳಿನಲ್ಲಿ ಎರಡಾಗಿ ಸೀಳಿದರು. ಬೀಜ ತೆಗೆದು, ಅರ್ಧ ಮಗಳ ಬಾಯಿಗೆ, ಅರ್ಧ ತಮ್ಮ ಬಾಯಿಗೆ ಹಾಕಿಕೊಂಡರು. ಆಮೇಲೆ ಮಗಳು ಒಂಬತ್ತು ಖರ್ಜೂರ ತಿಂದಳು. ನಾನು ಆರು.

ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೂ ದೊಡ್ಡಮ್ಮ ವಿಷಯ ಎತ್ತಲಿಲ್ಲ. ತಡೆಯಲಾರದೆ ನಾನೇ ಕೇಳಿದೆ, "ಅಮ್ಮನಿಗೆ ಎಂತ ಹೇಳ್ತೀರಿ?"

ಅವರು ಕೋಟಿನ ಗುಂಡಿ ಹಾಕಿಕೊಂಡರು. "ಲಂಡನ್ನಲ್ಲಿ ಆರು ಏಕಾದಶಿ ಆಯ್ತು ನನಗೆ. ಮಗಳು ಅಳಿಯ ಇಬ್ರೂ ಚಿನ್ನದಂಥವರು. ಆದ್ರೆ ಇವತ್ತು ಅಮ್ಮ ಉಣ್ಲಿಲ್ಲ ಅಂತ ಒಂದು ಸಲವೂ ಯಾರಿಗೂ ಗೊತ್ತಾಗ್ಲಿಲ್ಲ. ನಾನೂ ಹೇಳ್ಲಿಲ್ಲ. ಬಾಣಂತಿ ಮನೆ, ಅವರದ್ದು ತಪ್ಪಲ್ಲ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಉಣ್ಣದವರ ಜೊತೆ ಉಣ್ಣದೆ ಕೂತ್ಕೊಳ್ಳುದು ಇವಳಿಗೆ ಯಾರು ಕಲಿಸಿದ್ದು? ನೀನಾ?"

"ಅಲ್ಲ ದೊಡ್ಡಮ್ಮ. ಇಲ್ಲಿಯ ಶಾಲೆಯಲ್ಲಿ, ಗೆಳತಿಯರನ್ನು ನೋಡಿ."

"ಹಾಗಾದ್ರೆ ಆ ಶಾಲೆ ಬಿಡಿಸ್ಬೇಡ. ಮಗು ಇಲ್ಲೇ ಇರ್ಲಿ ಅಂತ ಹೇಳ್ತೇನೆ. ಯಾರನ್ನಾದ್ರೂ ಊರಿಗೆ ಕಳಿಸಿ ನಡೆನುಡಿ ಕಲಿಸ್ಲೇಬೇಕು ಅಂತಿದ್ರೆ ನಿನ್ನನ್ನು ಕಳಿಸ್ಲಿ. ಹಸಿದ ಮಗುವಿನ ಎದುರು ಮೇಜು ಗುದ್ದುವವ."

ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಹೆಂಡತಿ ನಡು ನಿಲ್ದಾಣದಲ್ಲೇ ಅವರ ಕಾಲು ಮುಟ್ಟಿದಳು, ಮುಟ್ಟಿದವಳು ಏಳಲೇ ಇಲ್ಲ. ದೊಡ್ಡಮ್ಮನೇ ಎಬ್ಬಿಸಬೇಕಾಯಿತು.

ಅವರು ಒಳಗೆ ಹೋದ ಮೇಲೆ ಮಗಳು ಕೇಳಿದಳು, "ದೊಡ್ಡಜ್ಜಿ ಎಂತ ಹೇಳಿದ್ರು? ಅಮ್ಮ ಯಾಕೆ ಕ್ರೈಯಿಂಗ್?"

"ನೀನು ನಮ್ಮ ಜೊತೆಗೇ ಇರ್ಬೇಕಂತೆ," ಎಂದೆ.

ಅವಳು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದಳು. "ಮತ್ತೆ ನಾನು ಎಲ್ಲಿಗೆ ಹೋಗ್ಲಿಕ್ಕಿತ್ತು?"

ಹೆಂಡತಿ ಅವಳನ್ನು ಎತ್ತಿಕೊಂಡಳು. ನಾನು ಕಾರಿನ ಕೀಲಿ ಹುಡುಕುತ್ತ ಮುಂದೆ ನಡೆದೆ.