ಹೆಬ್ಬೆಟ್ಟಿನ ಮೇಲಿನ ಸಾಲು

ಮೊನ್ನೆ ನರ್ಸಿಂಗ್ ಹೋಮಿನಲ್ಲಿ ನರ್ಸ್ ಹುಡುಗಿ ನನ್ನ ಕೈಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಾಲಿನಮ್ಮ ನೆನಪಾದಳು. ಸ್ಪಿರಿಟ್ಟಿಗೂ ಹಾಲಿಗೂ ಎಲ್ಲಿಯ ನಂಟು ಎಂದು ನೀವು ನಗಬಹುದು. ನನ್ನೊಳಗೆ ಮಾತ್ರ ಅರವತ್ತು ವರ್ಷಗಳಿಂದ ಅವೆರಡೂ ಒಂದೇ ಕಡೆ ಕೂತಿವೆ...

ನಾನು ಮದುವೆಯಾಗಿ ಚಾಮರಾಜಪುರಂಗೆ ಬಂದ ಹೊಸತು, ಐವತ್ತರ ದಶಕದ ನಡುಭಾಗ. ಹಿನಕಲ್ ಆಗ ದೂರದ ಹಳ್ಳಿ. ಆಕೆ ಅಲ್ಲಿಂದ ದಿನಾ ಬೆಳಿಗ್ಗೆ ಹಾಲಿನ ಬಿಂದಿಗೆ ಹೊತ್ತು ನಡೆದೇ ಬರುತ್ತಿದ್ದಳು. ಎಂಥ ನಡಿಗೆ! ತಲೆಯ ಮೇಲಿನ ಬಿಂದಿಗೆಗೆ ಕೈ ಕೊಡುತ್ತಿರಲಿಲ್ಲ, ಒಂದು ತೊಟ್ಟೂ ತುಳುಕುತ್ತಿರಲಿಲ್ಲ. ಪಾವಿನಲ್ಲಿ ಅಳೆದು ಹಾಕಿದ ಮೇಲೆ ಒಂದಿಷ್ಟು ಕೊಸರು ಸುರಿದು, "ಇದು ಹೊಸ ಸೊಸೆಗೆ" ಎನ್ನುತ್ತಿದ್ದಳು. ನೀರು ಬೆರೆಸಿದ್ದೀಯಾ ಎಂದು ನಾನು ರೇಗಿಸಿದರೆ, "ನಮ್ಮೂರ್ ಬಾವಿ ನೀರು ಕಣ್ರವ್ವ, ನಿಮ್ ನಲ್ಲಿ ನೀರ್ಗಿಂತ ಸಿಹಿ" ಎಂದು ನಗುತ್ತಿದ್ದಳು.

ಒಮ್ಮೆ ಜ್ವರ ಬಿಡಲಿಲ್ಲವೆಂದು ಆಸ್ಪತ್ರೆಗೆ ಹೋದಳು. ಡಾಕ್ಟರು ಚೀಟಿ ಬರೆದರು, ಕಾಂಪೌಂಡರ್ ಸ್ಪಿರಿಟ್ ಒರೆಸಿ ಸೊಂಟದ ಕೆಳಗೆ ಸೂಜಿ ಚುಚ್ಚಿದ. ಚುಚ್ಚಿದ ಗಳಿಗೆಯಲ್ಲೇ ಹಿಮ್ಮಡಿಯವರೆಗೆ ಬೆಂಕಿ ಇಟ್ಟ ಹಾಗಾಯಿತಂತೆ. ಮೇಜಿನಿಂದ ಇಳಿದರೆ ಬಲಗಾಲಿನ ಪಾದ ಮೇಲೇಳಲೇ ಇಲ್ಲ. ಸೂಜಿ ನರಕ್ಕೆ ತಗುಲಿತ್ತು. ವಾರದಲ್ಲಿ ಸರಿಹೋಗುತ್ತದೆ ಎಂದು ಕಳಿಸಿದರು. ವಾರಗಳು ಕಳೆದವು... ಆಮೇಲೆ ಆಕೆ ನಮ್ಮ ಬೀದಿಗೆ ಬಂದರೆ ಹೆಬ್ಬೆರಳು ನೆಲಕ್ಕೆ ಉಜ್ಜುವ ಸದ್ದು ಮೊದಲು ಕೇಳಿಸುತ್ತಿತ್ತು. ಬಿಂದಿಗೆ ಮಗಳ ತಲೆಗೆ ಏರಿತ್ತು.

ಕಾಲಿಗಾಗಿ ಆಕೆ ಅತ್ತದ್ದನ್ನು ನಾನು ಕಾಣೆ. ಅತ್ತದ್ದು ಮಗಳಿಗಾಗಿ. ವೀಳ್ಯ ಬದಲಾಯಿಸಿಕೊಂಡಿದ್ದ ಗಂಡಿನ ಕಡೆಯವರು, ಇದು ವಂಶದಲ್ಲಿ ಬರುವ ರೋಗ, ನಾಳೆ ಹುಡುಗಿಗೂ ಬರುತ್ತದೆ ಎಂದು ಹಿಂದೇಟು ಹಾಕಿದ್ದರು. ಸೂಜಿಯಿಂದ ಆದದ್ದೆಂದು ಆಸ್ಪತ್ರೆಯವರೇ ಬರೆದುಕೊಟ್ಟರೆ ನಂಬುತ್ತೇವೆ ಎಂದಿದ್ದರು. ಡಾಕ್ಟರು ಬಾಯಲ್ಲಿ ಅಯ್ಯೋ ಪಾಪ ಎಂದರೇ ಹೊರತು ಕಾಗದಕ್ಕೆ ಪೆನ್ನು ತಾಗಿಸಲಿಲ್ಲ.

"ನಂಗ್ ಬ್ಯಾರೆ ಏನೂ ಬ್ಯಾಡ ಕಣ್ರವ್ವ. ಅದೊಂದ್ ಚೀಟಿ ಕೊಡ್ಸಿ ಅಂತ ಮ್ಯಾಲಿನೋರ್ಗೆ ಬರ್ಕೊಡಿ" ಎಂದು ನಮ್ಮ ಜಗುಲಿಯ ಮೇಲೆ ಕೂತಳು.

ನಾನು ಇಂಟರ್‌ಮೀಡಿಯೆಟ್ ಪಾಸಾದವಳು. ಅಕ್ಷರ ಮುತ್ತಿನ ಹಾಗೆ ಎಂದು ಹೊಗಳಿಸಿಕೊಂಡು ಜಂಬ ಬೇರೆ. ನಮ್ಮ ತಂದೆ ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅರ್ಜಿ ಎಂದರೆ ಮೊದಲು ಹೊಗಳಬೇಕು, ಆಮೇಲೆ ಬೇಡಬೇಕು ಎಂಬುದನ್ನು ಚಿಕ್ಕಂದಿನಿಂದ ನೋಡಿದ್ದೆ. ಆಕೆಗೂ ಅದೇ ಸರಿ ಕಂಡಿತು. "ಡಾಕ್ಟ್ರು ಚೆಂದಾಗ್ ನೋಡ್ಕೊಂಡ್ರು ಅಂತ್ಲೂ ಹಾಕಿ. ಸಿಟ್ಟಾಗ್ಬುಟ್ಟಾರು" ಎಂದಳು.

ಅಷ್ಟೇ ಬರೆದು ಸುಮ್ಮನಿದ್ದಿದ್ದರೆ... ನನ್ನ ಕೈ ಸುಮ್ಮನಿರಲಿಲ್ಲ. "ದಯಾಮಯರಾದ ಡಾಕ್ಟರ ಆರೈಕೆಯಲ್ಲಿ ಕಿಂಚಿತ್ತೂ ಲೋಪವಿರಲಿಲ್ಲ, ಅರ್ಜಿದಾರಳ ದುರದೃಷ್ಟದಿಂದ ಕಾಲು ಸ್ವಾಧೀನ ತಪ್ಪಿತು" ಎಂದು ಗುಂಡುಗುಂಡಾಗಿ ಬರೆದೆ. ಓದಿ ಹೇಳಿದಾಗ ಆ ಗ್ರಾಂಥಿಕ ಮಾತು ಆಕೆಗೆ ಎಷ್ಟು ತಿಳಿಯಿತೋ ಕಾಣೆ. "ಪಸಂದಾಗೈತೆ" ಎಂದು ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಉತ್ತರ ಬರಲು ಬಹಳ ದಿನ ಹಿಡಿಯಿತು. ಆಕೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಾಲೆಳೆದುಕೊಂಡು ಅಷ್ಟು ದೂರ ಬಂದಿದ್ದಳು. ಆರೈಕೆಯಲ್ಲಿ ಲೋಪವಿರಲಿಲ್ಲವೆಂದು ಅರ್ಜಿದಾರಳೇ ಒಪ್ಪಿಕೊಂಡಿರುವುದರಿಂದ ಅರ್ಜಿ ವಜಾ ಎಂದಿತ್ತು. ಅದು ನನ್ನದೇ ಸಾಲು.

ಓದಿ ಹೇಳಿದೆ. ಆಕೆ ಕಾಗದವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಳ್ಳುತ್ತ, "ನಾನೇ ಅಲ್ವರಾ ಒಳ್ಳೇದ್ ಬರೀರಿ ಅಂದಿದ್ದು. ನೀವೇನ್ ಮಾಡೀರಿ, ಬುಡಿ" ಎಂದಳು. ಲೋಪವಿಲ್ಲ ಎಂದದ್ದು ನೀನಲ್ಲ, ನಾನು ಎಂದು ಆಗ ಹೇಳಬೇಕಿತ್ತು. ಹೇಳಲಿಲ್ಲ. ಹೇಡಿ ನಾನು. ಮತ್ತೆರಡು ಅರ್ಜಿ ಬರೆದುಕೊಟ್ಟೆ. ಒಂದಕ್ಕೂ ಉತ್ತರ ಬರಲಿಲ್ಲ.

ಗಂಡಿನವರು ಬೇರೆ ಕಡೆಯಿಂದ ಹೆಣ್ಣು ತಂದರು. ಮಗಳು ಮದುವೆಯಿಲ್ಲದೆ ಹಾಲು ಹೊತ್ತು ಬರುತ್ತಲೇ ಇದ್ದಳು. ನನ್ನ ಮುಖ ನೋಡದೆ ಅಳೆದು ಹಾಕಿ, ಮೇಲಿಷ್ಟು ಕೊಸರು ಸುರಿಯುತ್ತಿದ್ದಳು. ಬೇಡ ಎಂದರೆ "ಅವ್ವ ಹಾಕು ಅಂದವ್ಳೆ" ಎಂದು ಬಿಂದಿಗೆ ಎತ್ತಿಕೊಳ್ಳುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅವಳೂ ಬರುವುದನ್ನು ನಿಲ್ಲಿಸಿದಳು. ತಾಯಿ ತೀರಿಕೊಂಡಳೆಂದು ಬೇರೆ ಯಾರೋ ಹೇಳಿದರು. ಹಿನಕಲ್‌ಗೆ ಹೋಗಿ ನೋಡುವಷ್ಟು ಮುಖ ನನಗಿರಲಿಲ್ಲ.

ಮೊನ್ನೆ ನಾನಿದ್ದ ನರ್ಸಿಂಗ್ ಹೋಮ್ ಇರುವುದು ಅದೇ ಹಿನಕಲ್‌ನಲ್ಲಿ. ಈಗ ಅದು ಊರೊಳಗೇ ಸೇರಿಹೋಗಿದೆ. ಹಾಲಿನಮ್ಮನ ಮನೆ ಎಲ್ಲಿತ್ತೆಂದು ಯಾರನ್ನು ಕೇಳಲಿ? ನನಗೆ ಆಕೆಯ ಬೀದಿಯೂ ಗೊತ್ತಿರಲಿಲ್ಲ... ನರ್ಸ್ ಹುಡುಗಿ ಮೂರು ಸಲ ಚುಚ್ಚಿಯೂ ನರ ಸಿಗದೆ ನನ್ನ ಎಡಗೈ ಬಾತು ನೀಲಿಗಟ್ಟಿತ್ತು. ಹೊರಡುವಾಗ ಒಂದು ಫಾರಂ ಕೊಟ್ಟು, ಚಿಕಿತ್ಸೆ ಹೇಗಿತ್ತು ಬರೆಯಿರಿ ಅಜ್ಜಿ ಎಂದರು. ಹುಡುಗಿ ಎದುರಿಗೇ ನಿಂತಿದ್ದಳು. ಪೆನ್ನು ತೆಗೆದುಕೊಂಡೆ. ಈ ವಯಸ್ಸಿನಲ್ಲೂ ಅಕ್ಷರ ಗುಂಡಗೇ ಬಂದವು.

"ಆರೈಕೆಯಲ್ಲಿ ಲೋಪವೇನೂ ಇರಲಿಲ್ಲ" ಎಂದು ಬರೆದು ಸಹಿ ಹಾಕಿದೆ.